ಅಂಕಿತದ ಹೊಣೆ



ತಾವು ವಾಸಿಸುವ ಈ ವೈಯಾಲಿಕಾವಲಿನ ಹೆಸರನ್ನೇ ಮೊದಲು ನೋಡೋಣ. ಹಿಂದಿನ ಕನ್ನಡದಲ್ಲಿ ವೈಹಾಳಿ, ವೈಯಾಳಿ ಎಂದರೆ ಕುದುರೆ ಸವಾರಿ. ಕಾವಲ್ ಎಂದರೆ ಮೇವಿಗಾಗಿ ಕಾದಿರಿಸಿದ ಹುಲ್ಲುಗಾವಲು. ಇಂದು ಇಲ್ಲಿ ಕುದುರೆಯೂ ಇಲ್ಲ, ಹುಲ್ಲೂ ಇಲ್ಲ, ಹೆಸರೊಂದು ಉಳಿದಿದೆ. ಬಡಾವಣೆಗೆ ಅದೇನೂ ದೋಷವಲ್ಲ. ಆದರೆ ಶರಣನೆಂಬ ಹೆಸರು ಉಳಿದು ಶರಣತ್ವ ಇಲ್ಲವಾದರೆ?

ನಿಜವಾಗಿ ಬಾಳುವುದೆಂದರೆ ಬಾಯಿಗೆ ಬಂದುದನ್ನು ಆಡಿಬಿಡುವುದು ಎಂದು ತಿಳಿದವರಿದ್ದಾರೆ. "ನಾನು ಇರುವುದೇ ಹೀಗೆ, ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ" ಎಂದು ಹೆಮ್ಮೆಪಡುತ್ತಾರೆ. ಅದು ಕೋಪದ ಮಾತೋ, ಅಹಂಕಾರದ ಮಾತೋ, ಅರಿವಿನ ಮಾತೋ ಎಂದು ಒಂದು ಕ್ಷಣವೂ ನೋಡಿಕೊಳ್ಳುವುದಿಲ್ಲ. ಎಚ್ಚರವಿಲ್ಲದ ನಿಜ ಬರಿಯ ಒರಟುತನ. ಶರಣರು ಪ್ರತಿಯೊಂದು ವಚನದಲ್ಲೂ ಅಂಕಿತವಿಟ್ಟರು. ಬಸವಣ್ಣನವರು ಕೂಡಲಸಂಗಮದೇವನನ್ನು, ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು, ಅಲ್ಲಮಪ್ರಭುಗಳು ಗುಹೇಶ್ವರನನ್ನು ಕರೆದರು. ತಮ್ಮ ಹೆಸರನ್ನು ಬರೆಯಲಿಲ್ಲ. ಆಡಿದ ಮಾತಿಗೆ ದೇವರನ್ನೇ ಸಾಕ್ಷಿಗೆ ನಿಲ್ಲಿಸಿದ ಮೇಲೆ ಹಗುರವಾಗಿ ಆಡುವುದು ಹೇಗೆ?

ಹೀಗೆ ಆಡಿದ ಮಾತಿಗೆ ಬೆಲೆ ತೆರಬೇಕಾಯಿತು. ೧೨ನೆಯ ಶತಮಾನದ ಕಲ್ಯಾಣದಲ್ಲಿ ಜಾತಿಯಿಲ್ಲವೆಂದು ನುಡಿದವರು ಅಲ್ಲಿಗೇ ನಿಲ್ಲಬಹುದಿತ್ತು, ಅರಮನೆಯೂ ಸಹಿಸುತ್ತಿತ್ತೇನೋ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆ ನಡೆದಾಗ ಮಾತು ನಡೆಯಾಯಿತು. ಬಿಜ್ಜಳನ ಆಳ್ವಿಕೆಯಲ್ಲಿ ಆ ಇಬ್ಬರು ಬೀಗರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಶರಣರು ಚದುರಿದರು, ವಚನದ ಕಟ್ಟುಗಳೂ ಅವರೊಡನೆ ಚದುರಿದವು.

ಆ ಕಟ್ಟುಗಳು ಮುಂದೆ ಮಠಗಳಲ್ಲಿ, ಮನೆಯ ಜಗುಲಿಗಳ ಮೇಲೆ ಪೂಜೆಗೊಂಡವು. ವಿಭೂತಿ ಹಚ್ಚುವ ಕೈಗಳು ಬಹಳ, ಬಿಚ್ಚಿ ಓದುವ ಕಣ್ಣುಗಳು ಕಡಮೆ. ಇಂಥ ಕಾಲದಲ್ಲಿ ಬಂದವರು ಫ. ಗು. ಹಳಕಟ್ಟಿಯವರು. ೧೮೮೦ರ ಜುಲೈ ೨ರಂದು ಧಾರವಾಡದಲ್ಲಿ ಹುಟ್ಟಿದ ಅವರು ಆಗಿನ ಬಿಜಾಪುರದಲ್ಲಿ ಹೆಸರಾಂತ ವಕೀಲರಾದರು. ವಕೀಲರಿಗೆ ಸಹಿಯ ಬೆಲೆ ಗೊತ್ತು, ಸುಳ್ಳು ಸಾಕ್ಷಿಯ ಕೇಡೂ ಗೊತ್ತು. ಊರೂರು ತಿರುಗಿ ಓಲೆಗರಿಗಳನ್ನು ಕೂಡಿಸಿದರು. ಪ್ರತಿ ಮಾಡುವವನು ಒಂದು ಸಾಲು ಬಿಟ್ಟಿರುತ್ತಾನೆ. ಇನ್ನೊಬ್ಬ ತನ್ನದೊಂದನ್ನು ಸೇರಿಸಿರುತ್ತಾನೆ. ಮತ್ತೊಬ್ಬ ಒಬ್ಬರ ವಚನಕ್ಕೆ ಬೇರೊಬ್ಬರ ಅಂಕಿತ ಹಾಕಿರುತ್ತಾನೆ. ಖೊಟ್ಟಿ ವಚನವೆಂಬ ಮಾತು ಹುಟ್ಟಿದ್ದು ಸುಮ್ಮನಲ್ಲ. ಆದುದರಿಂದ ಗರಿಯ ಪಕ್ಕಕ್ಕೆ ಗರಿಯನ್ನಿಟ್ಟು, ಅಕ್ಷರದ ಮೇಲೆ ಕಣ್ಣಿಟ್ಟು ಕೂರಬೇಕಾಗಿತ್ತು. ಇದನ್ನು ನಾವು ಗ್ರಂಥಸಂಪಾದನೆ ಎನ್ನುತ್ತೇವೆ. ನನ್ನ ಮಟ್ಟಿಗೆ ಇದು ಲಿಂಗಪೂಜೆಗೆ ಕಡಮೆಯದಲ್ಲ. ಕಣ್ಣು ಒಂದು ಗಳಿಗೆ ಅತ್ತಿತ್ತ ಹೋದರೆ ಶರಣರು ಆಡದ ಮಾತು ಶರಣರ ಬಾಯಲ್ಲಿ ಕುಳಿತುಬಿಡುತ್ತದೆ.

ಅಚ್ಚಿಗೆಂದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದ ಹಸ್ತಪ್ರತಿ ಹಿಂದಿರುಗಿ ಬಂತು. ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಬೇರೆಯವರ ಯಂತ್ರವನ್ನು ಎಷ್ಟು ದಿನ ಕಾಯುವುದು? ಇದ್ದ ಮನೆಯನ್ನು ಮಾರಿ ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆ ಹೊರಟಿತು. ಅದೇ ೧೯೨೬ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ತೇಪೆ ಹಾಕಿದ ಕೋಟು, ಹಳೆಯ ಸೈಕಲ್ಲು: ಜನ ನೆನೆಯುವ ಚಿತ್ರ ಇದು. ಕಾಯಕ, ದಾಸೋಹಗಳ ವಚನಗಳನ್ನು ಅಚ್ಚು ಹಾಕುತ್ತ ತಾವು ಮಾತ್ರ ಮಹಡಿ ಕಟ್ಟಿಸಿಕೊಂಡಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ವಕೀಲರು ಮಹಡಿ ಕಟ್ಟಿಸುವುದು ವಾಡಿಕೆಯೇ ತಾನೆ! ಆದರೆ ಹಗಲೆಲ್ಲ ಯಾವ ಸಾಲುಗಳನ್ನು ತಿದ್ದುತ್ತಿದ್ದರೋ ಆ ಸಾಲುಗಳು ಅವರನ್ನೂ ತಿದ್ದುತ್ತಿದ್ದವು.

ಹಳಕಟ್ಟಿಯವರು ಕೊಟ್ಟ ಪಾಠಗಳನ್ನು ಮುಂದಿನ ವಿದ್ವಾಂಸರು ಹಲವು ಕಡೆ ತಿದ್ದಿದ್ದಾರೆ. ತಿದ್ದಲೇಬೇಕಿತ್ತು, ಎಚ್ಚರ ಒಬ್ಬರ ಆಯುಷ್ಯದಲ್ಲಿ ಮುಗಿಯುವ ಕೆಲಸವಲ್ಲ. ೧೯೯೩ರಲ್ಲಿ ಕರ್ನಾಟಕ ಸರಕಾರ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವನ್ನು ೧೫ ಸಂಪುಟಗಳಲ್ಲಿ ತಂದಿತು. ತಮ್ಮಲ್ಲಿ ಕೆಲವರ ಮನೆಯಲ್ಲೂ ಅವು ಇರಬಹುದು. ಮದುವೆಯ ಕರೆಯೋಲೆಗೆ ಒಂದು ವಚನ ಬೇಕೆಂದಾಗ, ಕೇಳಿದ ನೆನಪಿನಿಂದ ಬರೆಯದೆ ಆ ಸಂಪುಟವನ್ನು ತೆಗೆದು, ಅಂಕಿತ ಯಾರದೆಂದು ನೋಡಿ ಬರೆಯಿರಿ. ಬರೆದ ಮೇಲೆ, ನಮ್ಮ ಮನೆಯ ಮದುವೆಯಲ್ಲಿ ಈ ಮಾತು ನಡೆಯುತ್ತಿದೆಯೇ ಎಂದೂ ಕೇಳಿಕೊಳ್ಳಿ.

೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಹಳಕಟ್ಟಿಯವರಿಗೆ ಗೌರವ ಡಿ. ಲಿಟ್. ನೀಡಿತು. ೧೯೬೪ರ ಜೂನ್ ೨೯ರಂದು ಅವರು ಲಿಂಗೈಕ್ಯರಾದರು. ಮಾರಿದ ಮನೆ ಮರಳಿ ಬರಲಿಲ್ಲ.