ಎಲುಬಿನ ಗಡ್ಡೆ ಗುರುತಾಗುವ ಮುನ್ನ

ಎಲುಬಿನ ಕ್ಯಾನ್ಸರ್ ಅಪರೂಪ. ಹಾಗಾಗಿ ಅದರ ನೋವನ್ನು ಉಳುಕು, ಕೀವು ಎಂದು ತಿಳಿಯುವುದು ಹಿಂದಿನಿಂದಲೂ ನಡೆದಿದೆ. 1890ರ ಬೇಸಿಗೆಯಲ್ಲಿ ಅಮೆರಿಕದ 17 ವರ್ಷದ ಎಲಿಜಬೆತ್ ಡಶೀಲ್‌ಳ ಕೈ ರೈಲಿನ ಆಸನಗಳ ನಡುವೆ ಸಿಕ್ಕಿಕೊಂಡಿತು. ಊತ ಇಳಿಯಲಿಲ್ಲ, ನೋವು ಏರುತ್ತಲೇ ಹೋಯಿತು. ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ ಮೊದಲು ಸೋಂಕೆಂದೇ ಭಾವಿಸಿದರು. ಅವರನ್ನು ದೂರುವುದು ಸಲ್ಲದು; ಎಕ್ಸ್-ರೇ ಬಂದದ್ದೇ 1895ರಲ್ಲಿ. ಕೊಯ್ದು ನೋಡಿದಾಗ ಹೆಚ್ಚು ಕೀವು ಸಿಗಲಿಲ್ಲ. ಅಂಗಾಂಶ ಪರೀಕ್ಷೆಯಿಂದ ಅದು ಸಾರ್ಕೋಮಾ ಎಂಬ ಕ್ಯಾನ್ಸರ್ ಎಂದು ತಿಳಿಯಿತು. ಮೊಣಕೈ ಕೆಳಗೆ ಕೈ ಕತ್ತರಿಸಿದರೂ ರೋಗ ಮೈಯೆಲ್ಲ ಹರಡಿ, 1891ರ ಜನವರಿಯಲ್ಲಿ ಆಕೆ ತೀರಿಕೊಂಡಳು.

ಆ ಸಾವಿನಿಂದ ತೀರ ನೊಂದ ಕೋಲಿ ಆಸ್ಪತ್ರೆಯ ಹಳೆಯ ದಾಖಲೆಗಳನ್ನು ಶೋಧಿಸಿ, ಚರ್ಮದ ಸೋಂಕು ತಗುಲಿದ ಮೇಲೆ ಗಡ್ಡೆ ಕರಗಿದ್ದ ರೋಗಿಯೊಬ್ಬನನ್ನು ಪತ್ತೆಹಚ್ಚಿದರು. ಅದೇ ವರ್ಷ ಬ್ಯಾಕ್ಟೀರಿಯಾ ಚುಚ್ಚುವ ಚಿಕಿತ್ಸೆಯನ್ನು ಆರಂಭಿಸಿದರು. ಎಲುಬಿನ ಗಡ್ಡೆಗಳನ್ನು ಗುರುತಿಸುವ ಕೆಲಸವೂ ಮುಂದುವರಿಯಿತು; 1921ರಲ್ಲಿ ರೋಗಶಾಸ್ತ್ರಜ್ಞ ಜೇಮ್ಸ್ ಯೂಯಿಂಗ್ ಎಳೆಯರ ಎಲುಬಿಗೆ ಬರುವ ಒಂದು ಬಗೆಯ ಗಡ್ಡೆಯನ್ನು ಬೇರ್ಪಡಿಸಿ ವಿವರಿಸಿದರು.