ತೊಗಲುಗೊಂಬೆಯಿಂದ ಸಿಂಹರಾಜನವರೆಗೆ



ನನ್ನದೇ ಒಂದು ತಪ್ಪಿನಿಂದ ಈ ಮಾತನ್ನು ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಚಿತ್ರೀಕರಣ ತಂಡ ಕಾರವಾರದಲ್ಲಿ ಕೆಲಸ ಮುಗಿಸಿ ಅಂಕೋಲಾ ಕಡೆಯ ಒಂದು ಶಾಲೆಗೆ ಹೋಗಿತ್ತು. ವಾರ್ಷಿಕೋತ್ಸವ ಹತ್ತಿರ ಬಂದಿತ್ತು. ಮಕ್ಕಳು ‘ದಿ ಲಯನ್ ಕಿಂಗ್’ ಎಂಬ ಆನಿಮೇಷನ್ ಚಿತ್ರದ ಕಥೆಯನ್ನು ಕನ್ನಡದಲ್ಲಿ ಹಾಡು ಕುಣಿತಗಳ ನಾಟಕವಾಗಿ ಆಡಲು ಹೊರಟಿದ್ದರು. ತಂದೆ ಸಿಂಹ, ಮರಿ ಸಿಂಹ, ಕುತಂತ್ರಿ ಚಿಕ್ಕಪ್ಪ ಎಲ್ಲರೂ ತಯಾರಾಗಿದ್ದರು. ಒಂದೇ ಒಂದು ತೊಡಕು ಉಳಿದಿತ್ತು. ಚಿತ್ರದಲ್ಲಿ ವೈಲ್ಡ್‌ಬೀಸ್ಟ್ ಎಂಬ ಆಫ್ರಿಕಾದ ದೊಡ್ಡ ಹುಲ್ಲೆಗಳ ಹಿಂಡು ಕಣಿವೆಯಲ್ಲಿ ನುಗ್ಗಿ ಬರುತ್ತದೆ. ಅದರ ಕಾಲ್ತುಳಿತದಲ್ಲಿಯೇ ತಂದೆ ಸಿಂಹ ಸಾಯುವುದು. ‘ಸರ್, ಸಾವಿರಾರು ಪ್ರಾಣಿ ಓಡಿ ಬರುವುದನ್ನು ನಾವು ಹೇಗೆ ತೋರಿಸುವುದು?’ ಎಂದು ಹುಡುಗಿಯೊಬ್ಬಳು ಕೇಳಿದಳು. ಟಿ.ವಿ.ಯವನಲ್ಲವೇ ನಾನು! ‘ಹಿಂದೆ ಬಿಳಿ ಪರದೆ ಕಟ್ಟಿ, ಚಿತ್ರದ ಆ ಭಾಗವನ್ನೇ ಪ್ರೊಜೆಕ್ಟರಿನಿಂದ ಬಿಡಿ’ ಎಂದುಬಿಟ್ಟೆ.

ಅವರು ಹಾಗೆಯೇ ಮಾಡಿದರು. ಪರದೆಯ ಮೇಲೆ ಹಿಂಡು ಓಡತೊಡಗಿದ ಕೂಡಲೇ ಸಭಿಕರೆಲ್ಲರ ಕಣ್ಣು ಅಲ್ಲಿಗೆ ಹೋಯಿತು. ರಂಗದ ಮೇಲಿದ್ದ ಹದಿನೈದು ಮಕ್ಕಳನ್ನು ನೋಡುವವರೇ ಇಲ್ಲ. ಕೊನೆಗೆ ಮರಿ ಸಿಂಹದ ಪಾತ್ರದ ಹುಡುಗನೂ ಅಳುವುದನ್ನು ಬಿಟ್ಟು, ನಮಗೆ ಬೆನ್ನು ಹಾಕಿ ಪರದೆಯನ್ನೇ ನೋಡುತ್ತ ನಿಂತ. ಆ ದೃಶ್ಯ ನನ್ನನ್ನು ಬಹಳ ದಿನ ಕಾಡಿತು. ಇದೇ ಚಿತ್ರವನ್ನು ರಂಗಕ್ಕೆ ತಂದವರು ಈ ಗಂಟನ್ನು ಹೇಗೆ ಬಿಡಿಸಿದರು ಎಂದು ಹುಡುಕಹೊರಟವನಿಗೆ ದಾರಿ ನಮ್ಮ ತೊಗಲುಗೊಂಬೆಯ ಹತ್ತಿರ ಬಂದು ನಿಂತಿತು.

ಸಾಮಾನ್ಯವಾಗಿ ಕಥೆ ರಂಗದಿಂದ ಪರದೆಗೆ ಹೋಗುತ್ತದೆ. ನಮ್ಮಲ್ಲಿಯೇ 1954ರ ‘ಬೇಡರ ಕಣ್ಣಪ್ಪ’ ಚಲನಚಿತ್ರವಾಗುವ ಮೊದಲು ಗುಬ್ಬಿ ಕಂಪನಿಯ ನಾಟಕವಾಗಿತ್ತು. ಪರದೆಯಿಂದ ರಂಗಕ್ಕೆ ಮರಳುವ ಹಾದಿ ಅಪರೂಪ. ಅದರಲ್ಲೂ ಕೈಯಲ್ಲಿ ಬರೆದ ಚಿತ್ರಗಳ ಸಿನಿಮಾವನ್ನು ರಂಗಕ್ಕೆ ತರುವುದು ಇನ್ನೂ ಕಷ್ಟ. ಕಾರಣ ಸರಳ: ಬರೆದ ಪ್ರಾಣಿಗೆ ಮೂಳೆಯೂ ಇಲ್ಲ, ತೂಕವೂ ಇಲ್ಲ. ಚಿತ್ರಕಾರ ಬಯಸಿದಂತೆ ಅದು ಹಿಗ್ಗುತ್ತದೆ, ಹಾರುತ್ತದೆ. ನಟನಿಗೆ ಗುರುತ್ವಾಕರ್ಷಣೆಯ ನಿಯಮ ತಪ್ಪಿದ್ದಲ್ಲ.

ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಕಣ್ಣ ಮುಂದೆ ಹಾಯುತ್ತವೆ. 1994ರಲ್ಲಿ ಡಿಸ್ನಿ ಸಂಸ್ಥೆ ಬಿಡುಗಡೆ ಮಾಡಿದ ‘ದಿ ಲಯನ್ ಕಿಂಗ್’ ಸುಮಾರು 88 ನಿಮಿಷದ ಚಿತ್ರ. ಗುಣಿಸಿ ನೋಡಿ, ಒಂದು ಲಕ್ಷದ ಇಪ್ಪತ್ತಾರು ಸಾವಿರ ಚಿತ್ರಗಳಿಗೂ ಮಿಕ್ಕಿತು. ಆ ಹಿಂಡಿನ ಓಟ ಪರದೆಯ ಮೇಲೆ ಇರುವುದು ಎರಡೂವರೆ ನಿಮಿಷ ಮಾತ್ರ. ಅದನ್ನು ಕಂಪ್ಯೂಟರಿನ ನೆರವಿನಿಂದ ಸಿದ್ಧಪಡಿಸಲು ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟನ್ನು ಅಂಕೋಲಾದ ಹದಿನೈದು ಮಕ್ಕಳಿಂದ ಬಯಸಿದವನು ನಾನು.

ಡಿಸ್ನಿಯವರು 1994ರಲ್ಲಿ ‘ಬ್ಯೂಟಿ ಅಂಡ್ ದಿ ಬೀಸ್ಟ್’ ಚಿತ್ರವನ್ನು ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಕ್ಕೆ ತಂದಿದ್ದರು. ಅದು ಬಹುಮಟ್ಟಿಗೆ ಸಿನಿಮಾದಲ್ಲಿದ್ದುದನ್ನೇ ರಂಗದ ಮೇಲೆ ಕಾಣಿಸುವ ಪ್ರಯತ್ನ. ಅದರಲ್ಲಿ ಮನುಷ್ಯರಿದ್ದರು, ಆದ್ದರಿಂದ ಹೇಗೋ ನಡೆಯಿತು. ಮನುಷ್ಯರೇ ಇಲ್ಲದ ಸಿಂಹದ ಕಥೆಯನ್ನು ಆಡಿಸಬಹುದೇ ಎಂಬ ಬಗ್ಗೆ ಸಂಸ್ಥೆಯೊಳಗೇ ಅನುಮಾನವಿತ್ತು. ಆ ಕೆಲಸ ಜೂಲಿ ಟೇಮರ್ ಎಂಬ ನಿರ್ದೇಶಕಿಯ ಪಾಲಿಗೆ ಬಂತು. ಅವರು 1970ರ ದಶಕದಲ್ಲಿ ಇಂಡೊನೇಷಿಯಾದಲ್ಲಿ ಕೆಲವು ವರ್ಷ ಇದ್ದು, ಅಲ್ಲಿನ ಮುಖವಾಡ ಮತ್ತು ಗೊಂಬೆಯಾಟಗಳ ನಡುವೆ ಕೆಲಸ ಮಾಡಿದವರು. ಜಾವಾ ದ್ವೀಪದ ವಯಾಂಗ್ ಕುಲಿತ್ ಎಂಬ ನೆರಳಿನಾಟದಲ್ಲಿ ತೊಗಲಿನ ಗೊಂಬೆಗಳು ರಾಮಾಯಣ ಮಹಾಭಾರತಗಳನ್ನು ಆಡುತ್ತವೆ. ಓದುತ್ತಿದ್ದಂತೆ ನಮ್ಮ ಬಳ್ಳಾರಿ, ಕೊಪ್ಪಳಗಳ ಕಿಳ್ಳೇಕ್ಯಾತರ ನೆನಪು ಬಾರದೇ ಇದ್ದೀತೇ?

ಇಲ್ಲಿ ಸ್ವಲ್ಪ ವಿಜ್ಞಾನ. ನೆರಳಿನಾಟದಲ್ಲಿ ಗೊಂಬೆ ಪರದೆಗೆ ಒತ್ತಿ ಹಿಡಿದಿದ್ದರೆ ಅಂಚು ಚೂಪಾಗಿ ಕಾಣುತ್ತದೆ. ದೀಪದ ಕಡೆಗೆ ಸರಿಸಿದರೆ ನೆರಳು ದೊಡ್ಡದಾಗುತ್ತದೆ, ಜೊತೆಗೆ ಮಸುಕೂ ಆಗುತ್ತದೆ. ಕ್ಯಾಮೆರಾ ಹುಟ್ಟುವ ಎಷ್ಟೋ ಕಾಲ ಮೊದಲೇ ಗೊಂಬೆಯಾಡಿಸುವವರು ಈ ಉಪಾಯದಿಂದ ರಾಕ್ಷಸನನ್ನು ಬೆಳೆಸುತ್ತಿದ್ದರು, ಕರಗಿಸುತ್ತಿದ್ದರು. ನಮ್ಮ ತೊಗಲುಗೊಂಬೆಯ ಇನ್ನೊಂದು ಸೊಗಸು ಬಣ್ಣದ್ದು. ಚರ್ಮವನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳುಮಾಡಿ ಬಣ್ಣ ಬಳಿಯುವುದರಿಂದ ಪರದೆಯ ಮೇಲೆ ಬೀಳುವುದು ಕಪ್ಪು ನೆರಳಲ್ಲ, ಬಣ್ಣದ ಚಿತ್ರ. ಈ ಕಲೆಯನ್ನು ಬಾಳಿನುದ್ದಕ್ಕೂ ಕಾಪಾಡಿಕೊಂಡು ಬಂದ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು.

ಆನಿಮೇಷನ್ ಚಿತ್ರದ ಇತಿಹಾಸವನ್ನು ಬಗೆದು ನೋಡಿದರೂ ಇದೇ ನೆರಳು ಸಿಗುತ್ತದೆ. ಇಂದು ಉಳಿದಿರುವ ಪೂರ್ಣಪ್ರಮಾಣದ ಆನಿಮೇಷನ್ ಚಿತ್ರಗಳಲ್ಲಿ ಅತ್ಯಂತ ಹಳೆಯದು 1926ರ ‘ರಾಜಕುಮಾರ ಅಹ್ಮದನ ಸಾಹಸಗಳು’. ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ತರುಣಿ ಕಪ್ಪು ಕಾಗದ ಮತ್ತು ಸೀಸದ ತಗಡನ್ನು ಕತ್ತರಿಸಿ, ಕೀಲು ಕೂಡಿಸಿ, ಗಾಜಿನ ಮೇಲಿಟ್ಟು ಕೆಳಗಿನಿಂದ ಬೆಳಕು ಕೊಟ್ಟು, ಕೂದಲೆಳೆಯಷ್ಟು ಸರಿಸುತ್ತ ಒಂದೊಂದೇ ಚಿತ್ರ ತೆಗೆದರು. ಮೂರು ವರ್ಷದ ತಪಸ್ಸು ಅದು. ಕಥೆ ಅರೇಬಿಯನ್ ನೈಟ್ಸ್‌ನದು, ರೀತಿ ಏಷ್ಯಾದ ನೆರಳಿನಾಟದ್ದು. ಹಾಗೆಂದ ಮೇಲೆ, ಟೇಮರ್ ಅವರು ಸಿಂಹದ ಕಥೆಯನ್ನು ಮತ್ತೆ ಗೊಂಬೆಗೆ ಕೊಟ್ಟದ್ದನ್ನು ತವರಿಗೆ ಕಳಿಸಿದಂತೆ ಎನ್ನಬಹುದು.

1997ರ ಜುಲೈನಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ನಾಟಕದ ಮೊದಲ ಪ್ರದರ್ಶನಗಳು ನಡೆದವು. ನವೆಂಬರಿನಲ್ಲಿ ಅದು ಬ್ರಾಡ್‌ವೇಗೆ ಬಂತು. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಗೊಂಬೆ, ಮುಖವಾಡಗಳಿವೆ. ಆದರೆ ಸಿಂಹದ ಮುಖವಾಡ ನಟನ ಮುಖವನ್ನು ಮುಚ್ಚುವುದಿಲ್ಲ, ತಲೆಯ ಮೇಲೆ ಕಿರೀಟದಂತೆ ಕೂರುತ್ತದೆ. ಕೋಪ ಬಂದಾಗ ನಟ ಬಾಗುತ್ತಾನೆ, ಮುಖವಾಡ ಮುಂದಕ್ಕೆ ಇಳಿಯುತ್ತದೆ. ಆಗ ಅವನು ಪ್ರಾಣಿ. ತಲೆ ಎತ್ತಿದಾಗ ಮನುಷ್ಯ. ಜಿರಾಫೆಯಾಡುವವನು ಕೈಕಾಲು ನಾಲ್ಕಕ್ಕೂ ಮರಗಾಲು ಕಟ್ಟಿಕೊಂಡು ನಡೆಯುತ್ತಾನೆ. ಒಬ್ಬ ನಟ ಚಕ್ರಗಳ ಗಾಡಿಯೊಂದನ್ನು ತಳ್ಳುತ್ತ ಬಂದರೆ, ಗಾಲಿ ಉರುಳಿದಂತೆ ಅದಕ್ಕೆ ಜೋಡಿಸಿದ ಜಿಂಕೆಗಳು ಒಂದರ ಹಿಂದೊಂದು ನೆಗೆಯುತ್ತವೆ. ಬರಗಾಲ ಬಂದಾಗ ಕೊಳ ಬತ್ತಬೇಕಲ್ಲ? ರಂಗದ ಮೇಲೆ ಹರಡಿದ ನೀಲಿ ರೇಷ್ಮೆ ಬಟ್ಟೆ ನಡುವಿನ ತೂತಿನೊಳಗೆ ನಿಧಾನವಾಗಿ ಎಳೆದುಕೊಳ್ಳುತ್ತ ಮಾಯವಾಗುತ್ತದೆ. ಹೆಣ್ಣು ಸಿಂಹಗಳು ಅಳುವಾಗ ಮುಖವಾಡದ ಕಣ್ಣಿನಿಂದ ಬಿಳಿಯ ಪಟ್ಟಿ ಇಳಿಯುತ್ತದೆ. ದಾರ, ಬಟ್ಟೆ, ಗಾಲಿ ಎಲ್ಲವೂ ನೋಡುವವರ ಕಣ್ಣಿಗೆ ಕಾಣುತ್ತಲೇ ಇರುತ್ತವೆ. ಮುಚ್ಚುಮರೆಯಿಲ್ಲ.

ಆ ಹಿಂಡಿನ ಓಟ? ರಂಗದ ಹಿಂಭಾಗದಲ್ಲಿ ಅಡ್ಡಲಾಗಿ ಉರುಳೆಗಳು. ಅವುಗಳ ಮೇಲೆ ಚಿಕ್ಕ ಚಿಕ್ಕ ಪ್ರಾಣಿಗಳು ಸುತ್ತುತ್ತಿರುತ್ತವೆ. ಮುಂದೆ ಬಂದಂತೆ ಪ್ರಾಣಿಗಳ ಗಾತ್ರ ದೊಡ್ಡದಾಗುತ್ತದೆ. ತೀರ ಮುಂದೆ ದೊಡ್ಡ ಮುಖವಾಡಗಳನ್ನು ಹಿಡಿದ ನರ್ತಕರು ನೆಲ ಒದೆಯುತ್ತ ನುಗ್ಗುತ್ತಾರೆ. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಎಂಬ ಒಂದೇ ನಿಯಮ, ಮೇಲೆ ತಾಳವಾದ್ಯಗಳ ಮೊಳಗು. ಕಂಪ್ಯೂಟರ್ ಎರಡು ವರ್ಷ ತಿಣುಕಿದ್ದನ್ನು ಬಡಗಿಯ ಉರುಳೆ ಮಾಡಿತು. 1998ರಲ್ಲಿ ಈ ನಾಟಕಕ್ಕೆ ಆರು ಟೋನಿ ಪ್ರಶಸ್ತಿಗಳು ಬಂದವು. ಸಂಗೀತ ನಾಟಕದ ನಿರ್ದೇಶನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಜೂಲಿ ಟೇಮರ್. ಶಾಲೆಯ ಮಕ್ಕಳೇ ಆಡಲೆಂದು ಒಂದು ಗಂಟೆಗೆ ಇಳಿಸಿದ ಪಾಠವೂ ಆ ಮೇಲೆ ಬಂದಿದೆ.

ಹೊಗಳಿಕೆಯ ನಡುವೆ ಒಂದು ಕಹಿ ಸಂಗತಿಯನ್ನೂ ಹೇಳಬೇಕು. ಚಿತ್ರದಲ್ಲಿ ಸಿಂಹ ಮಲಗಿದೆ ಎಂಬರ್ಥದ ಒಂದು ಹಾಡು ಬರುತ್ತದೆ. ಅದರ ಮೂಲ ‘ಂಬೂಬೆ’. ದಕ್ಷಿಣ ಆಫ್ರಿಕಾದ ಜುಲು ಗಾಯಕ ಸಾಲೊಮನ್ ಲಿಂಡಾ 1939ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ತನ್ನ ಮೇಳದೊಂದಿಗೆ ಅದನ್ನು ಧ್ವನಿಮುದ್ರಿಸಿದ. ಹಕ್ಕು ಹತ್ತು ಶಿಲ್ಲಿಂಗಿಗೆ ಮಾರಾಟವಾಯಿತು. ಆ ರಾಗ ಬೇರೆ ಬೇರೆ ಹೆಸರಿನಲ್ಲಿ ಜಗತ್ತನ್ನೆಲ್ಲ ಸುತ್ತಿತು. ಲಿಂಡಾ 1962ರಲ್ಲಿ ಬಡವನಾಗಿಯೇ ತೀರಿಕೊಂಡ. ಆತನ ಹೆಣ್ಣುಮಕ್ಕಳು 2004ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು, 2006ರಲ್ಲಿ ರಾಜಿಯಾಯಿತು. ಊರಿನ ಹಾಡೊಂದನ್ನು ವೇದಿಕೆಗೆ ತರುವಾಗ ಅದು ಯಾರ ಬಾಯಿಂದ ಬಂತು ಎಂದು ನಾವೂ ಕೇಳಿಕೊಳ್ಳುವುದಿಲ್ಲ. ದೂರದರ್ಶನದವರಾದ ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮಕ್ಕಳ ಸಂಗೀತ ನಾಟಕಕ್ಕೆ ಕನ್ನಡದಲ್ಲಿ ಆನಿಮೇಷನ್ನಿನ ಹಂಗೇನೂ ಇರಲಿಲ್ಲ. ಅದಕ್ಕೊಂದು ನಿದರ್ಶನದ ಬೇರು ಕಾರವಾರದ ಹತ್ತಿರಕ್ಕೂ ಬರುತ್ತದೆ. 1883ರಲ್ಲಿ ಇಪ್ಪತ್ತೆರಡರ ರವೀಂದ್ರನಾಥ ಠಾಕೂರರು ಕಾರವಾರದಲ್ಲಿದ್ದರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಕಾಳಿ ನದಿಯ ಬೆಳದಿಂಗಳ ದೋಣಿಯಾನವನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದದ್ದೂ ಅಲ್ಲಿಯೇ. ಮುಂದೆ ಅದೇ ಕವಿ ಬರೆದ ಗಿಳಿಯ ಕಥೆಯೊಂದನ್ನು ಬಿ.ವಿ. ಕಾರಂತರು ‘ಪಂಜರ ಶಾಲೆ’ ಎಂಬ ಮಕ್ಕಳ ನಾಟಕ ಮಾಡಿದರು. ಗಿಳಿಗೆ ಪುಸ್ತಕ ತಿನ್ನಿಸಿ ತಿನ್ನಿಸಿ ಕೊಲ್ಲುವ ಕಥೆ. ಪರೀಕ್ಷೆಯ ಹೊತ್ತಿಗೆ ನಿಮಗೆ ಚೆನ್ನಾಗಿಯೇ ಅರ್ಥವಾದೀತು!

ಇಷ್ಟೆಲ್ಲ ಓದಿಕೊಂಡು ಮರುವರ್ಷ ಅದೇ ಶಾಲೆಗೆ ಹೋದೆ. ಪ್ರೊಜೆಕ್ಟರ್ ಬೇಡ, ಮುಖ ಮುಚ್ಚದ ಮುಖವಾಡ ಮಾಡೋಣ ಎಂದೆ. ನಾನು ಇಂಡೊನೇಷಿಯಾ ಎಂದು ಶುರುಮಾಡುವುದರೊಳಗೆ ಹಾಲಕ್ಕಿ ಕೇರಿಯ ಹುಡುಗನೊಬ್ಬ, ‘ಸುಗ್ಗಿ ತುರಾಯಿ ಹಂಗೇ ಅಲ್ಲವಾ ಸರ್?’ ಎಂದ. ಹೌದಲ್ಲ! ಹೋಳಿ ಹುಣ್ಣಿಮೆಯ ಸುಮಾರಿಗೆ ಅಂಕೋಲಾ ಸೀಮೆಯಲ್ಲಿ ಸುಗ್ಗಿ ಕುಣಿಯುವವರು ತಲೆಯ ಮೇಲೆ ಬಣ್ಣಬಣ್ಣದ ತುರಾಯಿ ಹೊತ್ತು ಮನೆಯಂಗಳಕ್ಕೆ ಬರುತ್ತಾರೆ. ಕೆಳಗಿರುವ ಮುಖ ಯಾರದೆಂದು ಊರಿಗೆಲ್ಲ ಗೊತ್ತು. ಹಗರಣದ ವೇಷಗಳನ್ನು ಜನ ನೋಡಿ ನಗುವುದೂ ಒಳಗಿರುವವನ ಗುರುತು ಹಿಡಿದೇ. ನಾನು ದೇಶಾಂತರ ಸುತ್ತಿ ತಂದದ್ದು ಅವರ ಅಂಗಳದಲ್ಲಿಯೇ ಇತ್ತು.

ಅಡಿಕೆ ಹಾಳೆಯಿಂದ ಸಿಂಹದ ಮೋರೆ ಕತ್ತರಿಸಿದರು. ಹಳೆಯ ಮೀನುಬಲೆ ಕೇಸರವಾಯಿತು. ಗುಮಟೆ ಬಾರಿಸುವವರು ಊರಲ್ಲಿಯೇ ಇದ್ದರು. ಗುಮಟೆಯ ಮಣ್ಣಿನ ಗಡಿಗೆಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇಲೆ ಅದು ಅಪರಾಧ, ಇವರ ಗುಮಟೆ ಮೇಕೆ ಚರ್ಮದ್ದು. ಹಿಂಡಿಗೆ ಉರುಳೆ ಮಾಡಿಸಲು ಹಣವಿರಲಿಲ್ಲ. ಚಿಕ್ಕ ತರಗತಿಯವರು ಬೆರಳಷ್ಟು ರಟ್ಟಿನ ಪ್ರಾಣಿಗಳನ್ನು ಕೋಲಿಗೆ ಸಿಕ್ಕಿಸಿ ಹಿಂದೆ ಓಡಿದರು, ನಡುವಿನವರು ಮೊರದಷ್ಟು ದೊಡ್ಡದನ್ನು ಹಿಡಿದರು, ಹತ್ತನೆಯವರು ಮುಂದೆ ಎದೆಯೆತ್ತರದ ಮುಖಗಳನ್ನು ಎತ್ತಿಕೊಂಡು ಹಲಗೆ ನಡುಗುವಂತೆ ಕುಣಿದರು. ಗುಮಟೆ ಏರುತ್ತ ಹೋಯಿತು, ತಟ್ಟನೆ ನಿಂತಿತು. ತಂದೆ ಸಿಂಹ ಬಿದ್ದಿತ್ತು.

ಸಭೆ ಸದ್ದಿಲ್ಲದೆ ಕುಳಿತಿತ್ತು. ಮರಿ ಸಿಂಹ ಮೆಲ್ಲನೆ ಹತ್ತಿರ ಬಂದು, ಹಾಳೆಯ ಮುಖವಾಡವನ್ನು ಹಿಂದಕ್ಕೆ ಸರಿಸಿ, ತನ್ನ ಮುಖದಲ್ಲಿಯೇ ಅತ್ತ. ಅಷ್ಟರಲ್ಲಿ ಮುಂದಿನ ಜಮಖಾನೆಯ ಮೇಲೆ ಅಜ್ಜಿಯ ತೊಡೆಯಲ್ಲಿ ಕುಳಿತಿದ್ದ ಪುಟ್ಟ ಹುಡುಗಿಯೊಬ್ಬಳು ಎಲ್ಲರಿಗೂ ಕೇಳುವಂತೆ ಹೇಳಿದಳು: ‘ಅಜ್ಜಿ, ಮೇಲಿರೂದು ಸಿಂಹ, ಕೆಳಗಿರೂದು ನಮ್ಮಣ್ಣ!’