‘ಕನ್ನಡ’ ಎಂಬ ಪದಕ್ಕೆ 35 ಗುರುತುಗಳು

ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಅದನ್ನು ತಯಾರಿಸಿದವರು ಹೊರಡಿಸುವ ಪ್ರಕಟಣೆಯನ್ನು ಯಾರೂ ಇತಿಹಾಸವೆಂದು ಓದುವುದಿಲ್ಲ. ಆದರೂ 2007ರ ಡಿಸೆಂಬರ್ 13ರಂದು ಪಿಎಚ್‌ಪಿಬಿಬಿ 3.0 ಬಿಡುಗಡೆಯಾದಾಗ ಆದ ಬದಲಾವಣೆಗಳಲ್ಲಿ ಒಂದು ಕನ್ನಡಕ್ಕೂ ಸಂಬಂಧಿಸಿತ್ತು. ಅಂತರ್ಜಾಲದ ಚರ್ಚಾತಾಣಗಳನ್ನು ನಡೆಸಲು 2000ದಿಂದ ಉಚಿತವಾಗಿ ಸಿಗುತ್ತಿದ್ದ ಈ ತಂತ್ರಾಂಶ, ಎಲ್ಲ ಭಾಷೆಗಳ ಬರಹವನ್ನೂ ಯುಟಿಎಫ್-8ರಲ್ಲಿ ಉಳಿಸಿಕೊಳ್ಳತೊಡಗಿತು. ಅದರ ಮಹತ್ವ ತಿಳಿಯಬೇಕಾದರೆ ದೆಹಲಿಗೆ ಬರಬೇಕು.

ದೆಹಲಿಯ ಮಾನಕ ಭವನದಲ್ಲಿರುವ ಭಾರತೀಯ ಮಾನಕ ಬ್ಯೂರೋ 1991ರಲ್ಲಿ ‘ಇಸ್ಕಿ’ ಎಂಬ ಸಂಕೇತ ಪದ್ಧತಿಯನ್ನು ಐಎಸ್ 13194 ಎಂಬ ಸಂಖ್ಯೆಯಡಿ ಪ್ರಕಟಿಸಿತು. ಬ್ರಾಹ್ಮಿಯಿಂದ ಬಂದ ಲಿಪಿಗಳೆಲ್ಲ ಒಂದೇ ವರ್ಣಮಾಲೆಯ ಬೇರೆ ಬೇರೆ ರೂಪಗಳು ಎಂಬುದು ಅದರ ತಳಹದಿ. ಕನ್ನಡದ ಕ, ಹಿಂದಿಯ ಕ, ಬಂಗಾಳಿಯ ಕ ಮೂರಕ್ಕೂ ಒಂದೇ ಸಂಕೇತ. ಇದರ 1988ರ ರೂಪದಲ್ಲಿದ್ದ ಅಕ್ಷರಗಳ ಕ್ರಮವನ್ನೇ ಯುನಿಕೋಡ್ ತೆಗೆದುಕೊಂಡಿತು, ಆದರೆ ಪ್ರತಿ ಲಿಪಿಗೂ ಪ್ರತ್ಯೇಕ ಜಾಗ ಕೊಟ್ಟಿತು. ಹಾಗಾಗಿ ಇಂದು ದೇವನಾಗರಿ ಕ 2325, ಕನ್ನಡದ ಕ 3221. ದೇವನಾಗರಿ ಮ 2350, ಕನ್ನಡದ ಮ 3246. ಎರಡರಲ್ಲೂ ಅಂತರ 896. ದೆಹಲಿಯ ಆ ಪದ್ಧತಿಯ ಗುರುತು ಇಲ್ಲಿ ಹಾಗೇ ಉಳಿದಿದೆ.

ಪದ್ಧತಿ ಇದ್ದ ಮಾತ್ರಕ್ಕೆ ಬಳಕೆಗೆ ಬರುವುದಿಲ್ಲ. 1998ರಲ್ಲಿ ಬಂದ ‘ಬರಹ’ ಮನೆಮನೆಯ ಕಂಪ್ಯೂಟರಿಗೆ ಕನ್ನಡ ತಂದಿತು. ಆದರೆ ಅಂದಿನ ಬರವಣಿಗೆ ನಿಂತಿದ್ದು ಫಾಂಟಿನ ಮೇಲೆ. ಆ ಫಾಂಟ್ ಇಲ್ಲದವರಿಗೆ ಕಾಣುತ್ತಿದ್ದುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಯುನಿಕೋಡ್ ಕನ್ನಡವನ್ನು ತಂದಿತು.

ಓದುವ, ಬರೆಯುವ ತೊಡಕು ಕಡಿಮೆಯಾಯಿತು, ಕೂಡಿಡುವ ತೊಡಕು ಉಳಿಯಿತು. ಹಳೆಯ ಚರ್ಚಾ ತಂತ್ರಾಂಶಗಳ ಪುಟಗಳು ಹೆಚ್ಚಾಗಿ ಪಶ್ಚಿಮ ಯುರೋಪಿನ ಅಕ್ಷರಗಳಿಗಾಗಿ ರೂಪುಗೊಂಡಿದ್ದವು. ಅಂಥ ಪುಟದಲ್ಲಿ ಕನ್ನಡ ಟೈಪಿಸಿದರೆ ಬ್ರೌಸರ್ ಕ ಅಕ್ಷರದ ಬದಲು &#3221; ಎಂಬ ಏಳು ಗುರುತುಗಳನ್ನು ಕಳಿಸುತ್ತಿತ್ತು. ‘ಕನ್ನಡ’ ಎಂಬ ಪದದಲ್ಲಿರುವುದು ಕ, ನ, ವಿರಾಮ ಚಿಹ್ನೆ, ನ, ಡ ಎಂಬ ಐದು ಸಂಕೇತಗಳು. ಅವು 35 ಗುರುತುಗಳಾಗುತ್ತಿದ್ದವು. ತೆರೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಆದರೆ ಶೀರ್ಷಿಕೆಗೆ ಅಕ್ಷರಮಿತಿ ಇದ್ದ ಕಡೆ ಕೆಲವೇ ಪದಗಳಲ್ಲಿ ಜಾಗ ಮುಗಿಯುತ್ತಿತ್ತು. ಪದವನ್ನು ಪದವಾಗಿ ಹುಡುಕುವುದೂ ಕಷ್ಟವಾಗಿತ್ತು.

ಯುಟಿಎಫ್-8ರಲ್ಲಿ ಅದೇ ಪದಕ್ಕೆ ಸಾಕಾಗುವುದು 15 ಬೈಟು. ಅದಕ್ಕಿಂತ ದೊಡ್ಡ ಲಾಭವೆಂದರೆ ಅದು ಯಂತ್ರದೊಳಗೂ ಕನ್ನಡವಾಗಿಯೇ ಉಳಿಯುತ್ತದೆ. ಹುಡುಕಬಹುದು, ಅಕಾರಾದಿಯಾಗಿ ಜೋಡಿಸಬಹುದು, ಪದಕೋಶಕ್ಕೆ ಉದಾಹರಣೆ ತೆಗೆಯಬಹುದು.

ಆದರೆ ಹೊಸ ಆವೃತ್ತಿ ಬಂತೆಂದು ಹಳೆಯ ಬರಹ ತಾನಾಗಿ ಬದಲಾಗುವುದಿಲ್ಲ. ತಾಣ ನಡೆಸುವವರು ಕೂತು ಪರಿವರ್ತಿಸಬೇಕು. ಆ ಕಾಲದಲ್ಲಿ ಜನ ಊಟ, ಸಿನಿಮಾ, ವ್ಯಾಕರಣ ಕುರಿತು ಆಡುನುಡಿಯಲ್ಲೇ ಬರೆದು ಜಗಳವಾಡಿದ್ದಾರೆ. ಅಚ್ಚಿನ ಪುಸ್ತಕಗಳಲ್ಲಿ ಅಷ್ಟು ಸುಲಭವಾಗಿ ಸಿಗದ ಕನ್ನಡ ಅದು. ಅಂಥ ಬರಹ ಯಾರದಾದರೂ ಹಳೆಯ ಡಿಸ್ಕಿನಲ್ಲಿದ್ದರೆ, ಅದನ್ನು ಈಗಲೂ ಯುನಿಕೋಡಿಗೆ ತಿರುಗಿಸಬಹುದು. ಅಳಿಸಿಹೋದ ಮೇಲೆ ಯಾವ ಆವೃತ್ತಿಯಿಂದಲೂ ಆಗದು.